ಬಿಸಿ ಹಿಡಿದ ಹುಲ್ಲು

ನಾನು ಓದು ಬಿಟ್ಟದ್ದು ೧೯೯೧ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ. ಅಪ್ಪನಿಗೆ ಸೊಂಟ ಹಿಡಿದು ಹುಲ್ಲಿನ ಹೊರೆ ಹೊರಲಾಗದೆ ಹೋಯಿತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಹತ್ತು ವರ್ಷ ಕಳೆಯುವಷ್ಟರಲ್ಲಿ ಕಳಸದ ಈಚೆಗಿನ ನಮ್ಮ ಇಳಿಜಾರಿನಲ್ಲಿ ನನ್ನಷ್ಟು ಚುರುಕಾಗಿ ಹುಲ್ಲು ಕೊಯ್ಯುವವರು ಇರಲಿಲ್ಲ. ಅದರ ಜಂಬವೂ ನನಗಿತ್ತು.

೨೦೦೩ರ ಮಾತು. ಕೊಟ್ಟಿಗೆಯಲ್ಲಿ ಇದ್ದದ್ದು ಒಂದೇ ಕರೆಯುವ ಹಸು, ಆರು ತಿಂಗಳ ಗಬ್ಬ. ಮನೆ ನಡೆಯುತ್ತಿದ್ದದ್ದು ಅದರ ಹಾಲಿನಿಂದ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದು ಹಳ್ಳದ ಬದಿಯ ಸೀಮೆಹುಲ್ಲು ಎಳೆಯದಾಗಿ ಎದ್ದು ನಿಂತಿತ್ತು. ದಿನಕ್ಕೊಂದು ಹೊರೆ ಕೊಯ್ಯುವುದು ನಮ್ಮ ಕಡೆಯ ಪದ್ಧತಿ. ಒಂದು ದಿನ ಹುಲ್ಲಿಗೆ ಹೋದಾಗ, ಮರುದಿನದಿಂದ ನಾಲ್ಕು ದಿನ ನನಗೆ ಕಾಫಿ ಎಸ್ಟೇಟಿನಲ್ಲಿ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸವಿತ್ತು. ಹಾಗಾಗಿ ನಾಲ್ಕು ದಿನದ ಹುಲ್ಲನ್ನು ಒಂದೇ ದಿನ ಕೊಯ್ದು, ಒದ್ದೆಯಾಗಿಯೇ ಕೊಟ್ಟಿಗೆಯ ಮೂಲೆಗೆ ಒತ್ತಿ ಪೇರಿಸಿದೆ.

ಪಕ್ಕದ ಎಸ್ಟೇಟಿನಲ್ಲಿ ಆಳುಗಳ ಮೇಸ್ತ್ರಿಯಾಗಿದ್ದು ಕೆಲಸ ಬಿಟ್ಟ ಮುದುಕರೊಬ್ಬರು ದಾರಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು.

“ಇಷ್ಟು ಹಸಿ ಹುಲ್ಲು ಒಟ್ಟಿಗೆ ಯಾಕೆ ಕೊಯ್ದೆ ಮಾರಾಯ? ಬಿಸಿ ಹಿಡಿಯುತ್ತೆ. ಹರಡಿಯಾದ್ರೂ ಹಾಕು.”

“ನೀವು ಆಳು ಎಣಿಸಿದವ್ರು ಮೇಸ್ತ್ರಿಗಳೇ, ನಾನು ಹುಲ್ಲು ಕೊಯ್ದವ್ನು. ಅದು ನಂಗೆ ಬಿಡಿ.”

ಅವರು ತಮ್ಮ ದಾರಿ ಹಿಡಿದು ನಡೆದರು.

ಬೆಳಿಗ್ಗೆ ರಾಶಿಯೊಳಗೆ ಕೈ ಹಾಕಿದರೆ ಅನ್ನದ ಪಾತ್ರೆ ಮುಟ್ಟಿದಂತಿತ್ತು. ಹುಳಿ ವಾಸನೆ ಬೇರೆ. ಆಗಲೇ ಎಸೆಯಬೇಕಿತ್ತು. ಹೆಂಡತಿಯೆದುರು ಎಸೆಯಲು ಮನಸ್ಸಾಗಲಿಲ್ಲ. ಎರಡು ತೆಕ್ಕೆ ಹಸುವಿನ ಮುಂದೆ ಹಾಕಿ, ಹಾಲಿನ ಕ್ಯಾನು ಹಿಡಿದು ರಸ್ತೆಗೆ ಹೋದೆ.

ವಾಪಸು ಬರುವಾಗ ಹೆಂಡತಿಯ ಕೂಗು ಗದ್ದೆಯಂಚಿಗೇ ಕೇಳಿಸಿತು. “ಇವ್ರೇ, ಓಡಿ ಬನ್ನಿ! ಹೊಟ್ಟೆ ನೋಡಿ ಇದ್ರದ್ದು!”

ಹಸುವಿನ ಎಡಪಕ್ಕೆ ಬೆನ್ನಿನ ಮಟ್ಟಕ್ಕೆ ಉಬ್ಬಿತ್ತು. ತಟ್ಟಿದರೆ ಚಂಡೆಯ ಸದ್ದು. ನಾಲಿಗೆ ಹೊರಗೆ ಚಾಚಿ ಉಸಿರೆಳೆಯುತ್ತಿತ್ತು. ಪಶುವೈದ್ಯರು ಇರುವುದು ಕಳಸದಲ್ಲಿ. ಬೆಳಗಿನ ಬಸ್ಸು ಹೋಗಿಯಾಗಿತ್ತು.

“ಮೇಸ್ತ್ರಿಗಳನ್ನ ಕರೀರಿ, ದನದ ಮದ್ದು ಅವ್ರಿಗೆ ಗೊತ್ತು,” ಎಂದಳು ಹೆಂಡತಿ.

“ಅವ್ರು ಬರ್ತಾರಾ?”

“ನೀವು ಹೋದ್ರೆ ತಾನೇ ಗೊತ್ತಾಗೋದು!”

ಓಡಿ ಹೋಗಿ ಅವರ ಜಗಲಿಯ ಮುಂದೆ ನಿಂತೆ. “ಹಸು... ನನ್ನ ತಪ್ಪು,” ಎಂದೆ, ಅಷ್ಟೇ. ಮುದುಕರು ಕಾಫಿ ಲೋಟ ಅಲ್ಲೇ ಇಟ್ಟು ಎದ್ದರು.

ಬಂದವರೇ ಹಸುವಿನ ಮುಂಗಾಲು ಗೊಬ್ಬರದ ದಿಬ್ಬದ ಮೇಲೆ ಬರುವಂತೆ ನಿಲ್ಲಿಸಿದರು. ಕಾಫಿ ಗಿಡದ ಕೋಲೊಂದನ್ನು ಬಾಯಿಗೆ ಅಡ್ಡ ಇಟ್ಟು ಕೊಂಬಿಗೆ ಕಟ್ಟಿಸಿದರು. ಅದನ್ನು ಅಗಿಯುತ್ತಾ ಇದ್ದರೆ ಗಾಳಿ ಹೊರಗೆ ಬರುತ್ತದಂತೆ. ಮದ್ದು ಕುಡಿಸುವ ಬಿದಿರಿನ ಗೊಟ್ಟದಲ್ಲಿ ಕಡಲೆಕಾಯಿ ಎಣ್ಣೆ ಹೊಯ್ಯಲು ನಾನು ಹಸುವಿನ ತಲೆಯನ್ನು ಒಮ್ಮೆಲೇ ಮೇಲಕ್ಕೆತ್ತಿದೆ.

“ತಲೆ ಅಷ್ಟು ಎತ್ತಬೇಡ, ಶ್ವಾಸಕ್ಕೆ ಹೋದೀತು. ಹುಲ್ಲು ಕೊಯ್ಯೋ ಅವಸರ ಇಲ್ಲಿ ಬೇಡ ಮಾರಾಯ.”

ಹೆಂಡತಿ ಮುಖ ತಿರುಗಿಸಿ ನಕ್ಕಳು. ನನಗೆ ನಗು ಬರಲಿಲ್ಲ.

ಎಡಪಕ್ಕೆಯನ್ನು ನಾನೂ ಹೆಂಡತಿಯೂ ತಿಕ್ಕುತ್ತಲೇ ಇದ್ದೆವು. ಹಸುವಿನ ಹಿಂಗಾಲು ಒಮ್ಮೆ ಕುಸಿಯಿತು. ಭುಜ ಕೊಟ್ಟು ನಿಲ್ಲಿಸಿದೆ. ಬಿದ್ದರೆ ಹಸುವೂ ಇಲ್ಲ, ಹೊಟ್ಟೆಯೊಳಗಿನ ಕರುವೂ ಇಲ್ಲ. ಬಿಸಿಲು ಅಂಗಳಕ್ಕೆ ಇಳಿದರೂ ಉಬ್ಬರ ಹಾಗೇ ಇತ್ತು. ಕೊನೆಗೊಮ್ಮೆ ಗಂಟಲಿನಿಂದ ಉದ್ದನೆಯ ತೇಗು ಬಂತು, ಹುಳಿ ಹುಲ್ಲಿನ ನಾತದೊಂದಿಗೆ. ಮತ್ತೊಂದು. ಪಕ್ಕೆ ನನ್ನ ಅಂಗೈಯ ಕೆಳಗೇ ಮೆತ್ತಗಾಗುತ್ತಾ ಬಂತು.

“ಇವತ್ತಿಡೀ ಒಣಹುಲ್ಲು ಮಾತ್ರ,” ಎಂದು ಮೇಸ್ತ್ರಿಗಳು ಕೈ ತೊಳೆದುಕೊಂಡರು.

ಮರಗಸಿಗೆ ಆ ದಿನ ಹೋಗಲಿಲ್ಲ. ಮಿಕ್ಕ ಹುಲ್ಲನ್ನೆಲ್ಲ ಅವರ ಎದುರೇ ಗೊಬ್ಬರದ ಗುಂಡಿಗೆ ಹೊತ್ತು ಹಾಕಿದೆ. ಹಾಲು ಅರ್ಧಕ್ಕಿಳಿದದ್ದು ಮತ್ತೆ ಏರಲಿಲ್ಲ. ಕರು ಮಾತ್ರ ದಿನ ತುಂಬಿಯೇ ಹುಟ್ಟಿತು, ಹೆಣ್ಣುಕರು.

ಅದರ ಸಂತತಿಯೇ ಬೆಳೆದು ಈಗ ನನ್ನ ಕೊಟ್ಟಿಗೆಯಲ್ಲಿ ಕರೆಯುವ ಹಸು ನಾಲ್ಕು, ಗಬ್ಬದ ಕಡಸು ಒಂದು, ಕರು ಎರಡು. ಸೀಮೆಹುಲ್ಲು ಒಂದು ಎಕರೆ. ಕತ್ತಿ ಮೂರು. ಕೊಯ್ಯುವುದು ಮಾತ್ರ ಅಂದಂದಿನ ಹುಲ್ಲು ಅಂದಂದೇ.