ಸ್ಲ್ಯಾಬಿಗಿಂತ ಮೊದಲು ಬಂದ ಫ್ಲೆಕ್ಸ್

ಬೆಳಗಾವಿಯ ನಮ್ಮ ಗಲ್ಲಿಯ ಬಾಯಲ್ಲಿ, ಲೈಟಿನ ಕಂಬದ ಪಕ್ಕ, ಗಟಾರದ ಮೇಲಿನ ಸ್ಲ್ಯಾಬ್ ಒಂದು ದಿನ ಕಸ ಒಯ್ಯುವ ಕಚರಾ ಗಾಡಿಯ ಚಕ್ರಕ್ಕೆ ಮುರಿದು ಒಳಗೆ ಬಿತ್ತು. ಗಾಡಿ ವಾರ್ಡ್ ಕಚೇರಿಯದು, ಸ್ಲ್ಯಾಬೂ ಅವರದೇ. ಅವರ ಮನೆಯೊಳಗಿನ ವ್ಯವಹಾರದಲ್ಲಿ ಹೊರಗಿನವರು ಬಾಯಿ ಹಾಕಬಾರದೆಂದು ನಾವು ಕೆಲವು ದಿನ ಸುಮ್ಮನಿದ್ದೆವು.

ಸುಮ್ಮನಿರಲು ಆಗದಿದ್ದವರು ಎದುರುಮನೆಯ ಕಾಕಾ ಒಬ್ಬರೇ. ಲೋಂಡಾದಲ್ಲಿ ರೈಲ್ವೆ ಕೆಲಸ ಮಾಡಿ ನಿವೃತ್ತರಾದವರು. ಅವರ ನೋಟ ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಬಂದು, ಈಗ ಎದುರಿನವರ ಮುಖ ಕಂಡರೂ ತಮ್ಮ ಕಾಲ ಕೆಳಗಿನ ನೆಲ ಕಾಣದು. ಆದರೂ ಬೆಳಿಗ್ಗೆ ಕೋಲು ತಟ್ಟುತ್ತ ಮೂಲೆಯ ಚಹಾದ ಅಂಗಡಿಗೆ ಒಬ್ಬರೇ ಹೋಗಿಬರುತ್ತಿದ್ದರು. ದಿನದಲ್ಲಿ ಅದೊಂದೇ ಅವರು ಯಾರ ಕೈಯನ್ನೂ ಹಿಡಿಯದೆ ಮಾಡುತ್ತಿದ್ದ ಕೆಲಸ.

"ಒಮ್ಮೆ ಬಿದ್ರಿ ಅಂದ್ರ ಮುಗೀತು. ಆಮ್ಯಾಲೆ ಗೇಟಿಗೆ ಕೀಲಿ," ಎಂದು ಅವರ ಹೆಂಡತಿ ಕಾಕು ಷರತ್ತು ಹಾಕಿದ್ದರು.

ಹಾಗಾಗಿ ನಾವು ಮನವಿ ಬರೆದೆವು. ಕಚೇರಿಗೆ ಹೋದೆವು. ನಮ್ಮ ಕಡೆ ಮನವಿಯನ್ನು ಓದುವುದಕ್ಕಿಂತ ಹಿಡಿದುಕೊಳ್ಳುವುದು ಮುಖ್ಯ. ಕೊಡುವವರು, ತೆಗೆದುಕೊಳ್ಳುವವರು, ಬಾಜುವಿನಲ್ಲಿ ನಿಂತವರು, ಎಲ್ಲರೂ ಆ ಒಂದು ಹಾಳೆಗೆ ಕೈ ಹಚ್ಚಿ ಕ್ಯಾಮೆರಾ ನೋಡಬೇಕು. ನೋಡಿದೆವು. ಫೋಟೋ ಆದ ಮೇಲೆ ಕಚೇರಿಯ ಸಾಹೇಬರು ಹೇಳಿದರು: "ನಾವು ಬಂದು ನೋಡೂತನಕಾ ತೆಗ್ಗು ಇದ್ದಂಗ ಇರ್ಲಿ. ಯಾರೂ ಮುಟ್ಟಬ್ಯಾಡ್ರಿ."

ಅಲ್ಲಿಂದ ಆ ತೆಗ್ಗನ್ನು ನಾವು ಜೋಪಾನ ಮಾಡತೊಡಗಿದೆವು. ಕಿರಾಣಿ ಅಂಗಡಿಯವರು ಮುಚ್ಚಲೆಂದು ಒಂದು ಫರಸಿಕಲ್ಲು ತಂದರೆ, ವಿನಯದಿಂದ ವಾಪಸ್ ಕಳಿಸಿದೆವು. ತೆಗ್ಗೇ ಇಲ್ಲದಿದ್ದರೆ ಮನವಿಗೆ ಏನು ಆಧಾರ? ಕಾಕಾ ಮಾತ್ರ ಕಂಬ ಸಿಕ್ಕೊಡನೆ ಬಲಕ್ಕೆ ಸರಿದು, ಗೋಡೆ ಸವರಿಕೊಂಡು ದಾಟುವುದನ್ನು ರೂಢಿ ಮಾಡಿಕೊಂಡರು.

ಸಾಹೇಬರು ಬರಲಿಲ್ಲ. ಖಾನಾಪುರದಿಂದ ನನ್ನ ಅಣ್ಣ ಬಂದ. ಅಲ್ಲಿಯ ಪಟ್ಟಣ ಪಂಚಾಯಿತಿ ಚುನಾವಣೆಗೆ ನಿಂತು ಸೋತವನು; ಆದ್ದರಿಂದ ಆಡಳಿತದ ಬಗ್ಗೆ ಅವನಿಗೆ ತಿಳಿಯದ್ದೇನೂ ಇಲ್ಲ.

"ಅಲ್ಲಬೇ, ಬೇಡಿಕೊಂಡ್ರ ಯಾರ್ ಮಾಡ್ತಾರ? ಮೊದಲ ಅಭಿನಂದನಾ ಹೇಳಿಬಿಡ್ರಿ. ನಿಮ್ಮ ವಾರ್ಡಿಂದ ಆರಿಸಿ ಬಂದ ನಗರಸೇವಕರದೊಂದು ಫೋಟೋ ಹಾಕಿ ಫ್ಲೆಕ್ಸ್ ಕಟ್ರಿ. ನಾಚಿಕಿಗಾದ್ರೂ ಮಾಡ್ತಾರ."

"ಕೆಲಸಾನ ಆಗಿಲ್ಲಲ್ಲೋ ಅಣ್ಣಾ."

"ಅದಕ್ಕ ಹೇಳಾಕತ್ತೇನಿ. ಆದಮ್ಯಾಲೆ ಹೇಳಿದ್ರ ಏನ್ ಉಪಯೋಗ? ನಮ್ಮ ಓಣ್ಯಾಗ ಹಿಂಗ ಮಾಡೇ ಬೀದಿ ದೀಪ ತಂದ್ವಿ."

ಆ ದೀಪ ಉರಿಯುತ್ತದೆಯೇ ಎಂದು ಯಾರೂ ಕೇಳಲಿಲ್ಲ. ವಾರದೊಳಗೆ ಕಟ್ಟಿಗೆಯ ಚೌಕಟ್ಟಿನ ದೊಡ್ಡ ಫ್ಲೆಕ್ಸ್ ಕಂಬವೇರಿತು. ಕಾಕಾ ಅದರ ಕೆಳಗೆ ನಿಂತು, "ಏನ್ ಬರದೈತಿ, ಓದಬೇ ಯವ್ವಾ," ಅಂದರು. ಗಟಾರ ದುರಸ್ತಿ ಮಾಡಿಸಿಕೊಟ್ಟ ಜನಪ್ರಿಯ ನಗರಸೇವಕರಿಗೆ ಗಲ್ಲಿಯ ನಿವಾಸಿಗಳ ಹಾರ್ದಿಕ ಅಭಿನಂದನೆಗಳು ಎಂದು ಓದಿದೆ.

"ಚಲೋ ಆತು. ಇಷ್ಟ ದಿನಾ ತೆಗ್ಗು ನನಗೊಬ್ಬಂಗ ಕಾಣ್ತಿದ್ದಿಲ್ಲ. ಈಗ ಯಾರಿಗೂ ಕಾಣವಲ್ತು," ಅಂದರು ಕಾಕಾ.

ಒಂದು ರಾತ್ರಿ ಗಾಳಿ ಮಳೆ ಜೋರಾಗಿತ್ತು. ಮರುದಿನ ಬೆಳಿಗ್ಗೆ ನಾನು ಹೊಸ್ತಿಲು ತೊಳೆಯುತ್ತಿದ್ದಾಗ ಕೋಲಿನ ಸದ್ದು ಕೇಳಿ ತಲೆ ಎತ್ತಿದೆ. ನಂತರ ನಡೆದದ್ದನ್ನು ನಾನು ಕಂಡ ಕ್ರಮದಲ್ಲೇ ಬರೆಯುತ್ತೇನೆ. ಫ್ಲೆಕ್ಸ್ ಕಂಬದಿಂದ ಕಿತ್ತುಬಂದು, ಚೌಕಟ್ಟಿನ ಸಮೇತ ತೆಗ್ಗಿನ ಮೇಲೆ ಅಂಗಾತ ಬಿದ್ದಿತ್ತು. ನಗರಸೇವಕರು ಕೈ ಮುಗಿದು ಆಕಾಶ ನೋಡುತ್ತಿದ್ದರು. ಕಾಕಾ ಕಂಬ ಮುಟ್ಟಿದರು. ಬಲಕ್ಕೆ ಸರಿಯುವ ಮೊದಲು ಕೋಲನ್ನು ಮುಂದೆ ಚಾಚಿದರು. ಅದು ಚೌಕಟ್ಟಿನ ಅಂಚಿಗೆ ತಾಗಿ ಟಕ್ ಎಂದಿತು. ಇನ್ನಷ್ಟು ಮುಂದೆ ಚಾಚಿ ತಟ್ಟಿದರು. ನಡುವಿನ ಕಟ್ಟಿಗೆಯ ಪಟ್ಟಿಗೆ ತಾಗಿ ಮತ್ತೆ ಟಕ್ ಎಂದಿತು. ಕಾಕಾ ನಕ್ಕರು.

"ಸ್ಲ್ಯಾಬ್ ಹಾಕ್ಯಾರಲ್ಲ," ಎಂದು ತಮ್ಮಷ್ಟಕ್ಕೇ ಅಂದರು.

"ಕಾಕಾ, ನಿಂದರ್ರಿ," ಎಂದು ನಾನು ಕೂಗುವಷ್ಟರಲ್ಲಿ ಅವರ ಬಲಗಾಲು ಎರಡು ಪಟ್ಟಿಗಳ ನಡುವೆ ಊರಿತ್ತು. ಫ್ಲೆಕ್ಸ್ ಹರಿಯಿತು. ಕಾಕಾ ತೊಡೆಯವರೆಗೆ ಒಳಗೆ ಹೋದರು.

ಎತ್ತಿ ಕಟ್ಟೆಯ ಮೇಲೆ ಕೂರಿಸಿದೆವು. ಹಿಮ್ಮಡಿಯ ಮೇಲೆ ಮೂಳೆ ಮುರಿದಿತ್ತು. ಕಾಕು ಬೈಯುತ್ತಾರೆಂದುಕೊಂಡಿದ್ದೆ. ಅವರು ಆ ರಾಡಿಯ ಕಾಲನ್ನು ಸೆರಗಿನಿಂದ ಒರೆಸುತ್ತ ಕುಳಿತರು.

ಅಂದೇ ಮಧ್ಯಾಹ್ನ ಸ್ಲ್ಯಾಬ್ ಬಂತು. ಅದು ಇಷ್ಟು ಸುಲಭವಾಗಿ ಬರುವ ವಸ್ತುವೆಂದು ನಮಗೆ ತಿಳಿದಿರಲಿಲ್ಲ. ಹರಿದ ಫ್ಲೆಕ್ಸನ್ನು ಒರೆಸಿ, ಹಿಂದಿನಿಂದ ಟೇಪು ಹಚ್ಚಿ ಮತ್ತೆ ಕಂಬಕ್ಕೆ ಕಟ್ಟಿದರು. ಅದರಲ್ಲಿ ಈಗ ಒಂದಕ್ಷರವೂ ಸುಳ್ಳಿರಲಿಲ್ಲ. ಸ್ವಲ್ಪ ಅವಸರ ಮಾಡಿತ್ತು, ಅಷ್ಟೆ. ನಗರಸೇವಕರು ಸ್ಲ್ಯಾಬಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡರು. ಕಾಕಾನೂ ಜೊತೆಗಿದ್ದರೆ ಚೆನ್ನಾಗಿರುತ್ತದೆ, ಕುರ್ಚಿಯಲ್ಲಿ ಕೂರಿಸಿ ಹೊತ್ತು ತರೋಣವೇ ಎಂದು ಅವರ ಕಡೆಯವರೊಬ್ಬರು ಮನೆಗೆ ಬಂದು ಕೇಳಿದರು. ಆಸ್ಪತ್ರೆಯಿಂದ ಆಗಷ್ಟೇ ಬಂದು ಮಲಗಿದ್ದ ಕಾಕಾ ಕಣ್ಣು ತೆರೆಯದೆಯೇ ಅಂದರು:

"ಮುಂಜಾನೆನ ಅವರ ಮುಖದ ಮ್ಯಾಲ ನಿಂತು ಬಂದೇನಿ ಅಂತ ಹೇಳ್ರಿ. ಒಂದ್ ಸಲ ಸಾಕು."

ಪ್ಲಾಸ್ಟರ್ ಬಿಚ್ಚಿದ ಮೇಲೂ ಗೇಟಿನ ಕೀಲಿ ಬಿಚ್ಚಲಿಲ್ಲ. ಕಾಕು ಮಾತಿಗೆ ತಪ್ಪುವವರಲ್ಲ. ಕೊನೆಗೆ, ನಾನು ಜೊತೆಗೆ ಹೋಗುವುದಾದರೆ ಮಾತ್ರ ಚಹಾ ಎಂದು ತೀರ್ಮಾನವಾಯಿತು. ಈಗ ಬೆಳಿಗ್ಗೆ ನಾವಿಬ್ಬರೂ ಹೋಗುತ್ತೇವೆ. ಕಂಬದ ಹತ್ತಿರ ಅವರು ನಿಂತು, ಕೋಲು ತಟ್ಟಿ, ಕಿವಿಗೊಡುತ್ತಾರೆ. ಸದ್ದು ಗಟ್ಟಿಯಾಗಿಯೇ ಇರುತ್ತದೆ.

"ಖರೇನ ಸ್ಲ್ಯಾಬ್ ಐತೋ, ಬರೇ ಅಭಿನಂದನಾ ಐತೋ?"

"ಸ್ಲ್ಯಾಬ್ ಐತ್ರಿ ಕಾಕಾ."

"ಹಂಗಾರ ನೀ ಮೊದಲ ನಿಂದ್ರು."

ನಾನು ಹೋಗಿ ಎರಡೂ ಕಾಲು ಊರಿ ನಿಲ್ಲುತ್ತೇನೆ. ಆಮೇಲೆ ಅವರು ನನ್ನ ಮೊಳಕೈ ಹಿಡಿದುಕೊಂಡು ಹೆಜ್ಜೆ ಇಡುತ್ತಾರೆ.