ಲವನಿಲ್ಲದ ಕುಶ

ಗೆಳೆಯರೇ, ಹರೆಯದ ಮಕ್ಕಳಿಗಾಗಿ ನಾನು ಬರೆದ ‘ಕುಶ ರಾಜ್ಯದ ರಾಣಿ’ ಕಾದಂಬರಿಯನ್ನು ಇವತ್ತು ಹೊಸಪೇಟೆಯ ನಮ್ಮ ಓಣಿಯ ರಾಮದೇವರ ಗುಡಿಯಲ್ಲಿ ಹಂಚಬೇಕಿತ್ತು. ಈ ಊರಿನಲ್ಲಿ ನನ್ನ ಪುಸ್ತಕ ಬೇಕೆಂದು ಕೇಳಿದವರು ಗುಡಿಯವರು ಮಾತ್ರ. ಬೆಳಿಗ್ಗೆಯೇ ಚೀಲ ಹೊತ್ತು ಹೋದೆ.

ಗುಡಿ ಸಮಿತಿಯ ರಾಯರು ಮುಖಪುಟ ಸವರುತ್ತ ಕೇಳಿದರು, “ಕುಶನ ಬಗ್ಗೆ ಬರ್ದೀಯಮ್ಮ, ಭಾಳ ಚಲೋ ಆತು. ಲವ ಎಲ್ಲದಾನ?”

“ರಾಯರ, ಇದು ರಾಮನ ಮಗ ಕುಶ ಅಲ್ರಿ. ಕುಶ ಅಂದ್ರ ಆಫ್ರಿಕಾದಾಗ ನೈಲ್ ನದಿ ದಂಡಿಗೆ ಇದ್ದ ಹಳೇ ರಾಜ್ಯ. ಅಲ್ಲಿಯ ಇತಿಹಾಸಕ್ಕ ಒಂದಿಷ್ಟು ದಂತಕತಿ ಸೇರಿಸಿ ಬರ್ದೀನಿ.”

ಅವರ ಬೆರಳು ಮುಖಪುಟದ ರಾಣಿಯ ಚಿತ್ರದ ಮೇಲೆ ನಿಂತಿತು. “ಹಂಗಾದ್ರ ಈಕಿ ಖರೇನ ಇಷ್ಟು ಕಪ್ಪೇನು?”

“ಹೌದ್ರಿ.”

“ಪ್ರೆಸ್ಸಿನವರು ಶಾಯಿ ಜಾಸ್ತಿ ಹಾಕ್ಯಾರ ಅನ್ಕಂಡಿದ್ದೆ.” ಅವರು ಪುಸ್ತಕವನ್ನು ಮೆಲ್ಲಗೆ ನನ್ನ ಚೀಲಕ್ಕೇ ಇಳಿಸಿದರು. “ಗುಡಿಯಾಗ ಹಂಚೋದು ಬ್ಯಾಡಮ್ಮ. ಬ್ಯಾಸರ ಮಾಡ್ಕೋಬ್ಯಾಡ.”

ಗುಡಿಗೆ ಬಂದಿದ್ದ ಮಕ್ಕಳಿಗೆ ಪುಸ್ತಕದ ಬದಲು ಬಾಳೆಹಣ್ಣು ಹಂಚಿದರು. ನನಗೂ ಒಂದು ಕೊಟ್ಟರು. ಆ ರಾಣಿಯ ಜೊತೆ ವರ್ಷಗಟ್ಟಲೆ ಬದುಕಿದ್ದೇನೆ. ಅವಳನ್ನು ನಮ್ಮ ಓಣಿಯ ಗುಡಿಯ ಹೊಸ್ತಿಲು ದಾಟಿಸಲೂ ನನ್ನಿಂದಾಗಲಿಲ್ಲ.

ಹೊರಡುವ ಮುನ್ನ ಅಭ್ಯಾಸಬಲದಿಂದ ಗರ್ಭಗುಡಿಯತ್ತ ತಿರುಗಿ ಕೈ ಮುಗಿದೆ. ದೀಪದ ಬೆಳಕಿನಲ್ಲಿ ಕರಿಕಲ್ಲಿನ ರಾಮ ನಿಂತಿದ್ದ.

ಅವನಿಗೂ ಶಾಯಿ ಸ್ವಲ್ಪ ಜಾಸ್ತಿಯೇ ಆಗಿದೆ.