ಐಶ್ವರ್ಯ ಹೊಲಿದ ಬೇಲು

ಪಿರಿಯಾಪಟ್ಟಣದಲ್ಲಿ ಗೋಣಿತಟ್ಟು, ಹುರಿ ಮಾರುವ ಗಂಗಾಧರಪ್ಪನವರದು ಒಂದೇ ನಂಬಿಕೆ: ಮಾಲಿಗಿಂತ ಮೊದಲು ಮೂಟೆ ಮಾತಾಡುತ್ತದೆ. ಮಗಳು ಐಶ್ವರ್ಯಳಿಗೆ ಅವರು ಆಸ್ತಿ ಅಂತ ಕೊಟ್ಟದ್ದು ಸದ್ಯಕ್ಕೆ ಈ ಮಾತೊಂದೇ.

ಐಶ್ವರ್ಯ ನಾಲ್ಕು ವರ್ಷದಿಂದ ಬಸ್ ಸ್ಟ್ಯಾಂಡ್ ಪಕ್ಕದ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತಿದ್ದಳು. ಊರಿನ ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿಗಳೆಲ್ಲ ಅವಳ ಕೈ ದಾಟಿಯೇ ಹೋಗಬೇಕು. ಮನಸ್ಸಿದ್ದದ್ದು ಮಾತ್ರ ಡಬ್ಬಿ, ಪೊಟ್ಟಣ, ಲೇಬಲ್ಲುಗಳ ಮೇಲೆ. ಅಂಥದ್ದನ್ನೇ ಮಾಡುವ ಮೈಸೂರಿನ ಸ್ಟುಡಿಯೊದಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ತನ್ನ ಕೆಲಸಗಳನ್ನು ಎರಡು ಸಲ ಮೇಲ್ ಮಾಡಿದಳು. ಉತ್ತರವಿಲ್ಲ. ಮೂರನೆಯ ಸಲ ಅಪ್ಪನ ಅಂಗಡಿಗೆ ಹೋಗಿ ಒಂದು ಗಜ ಗೋಣಿತಟ್ಟು ಕೇಳಿದಳು.

ಎಲೆ ಒತ್ತಿ, ಗೋಣಿಯಲ್ಲಿ ಹೊಲಿದು ಹರಾಜಿಗೆ ಕಳಿಸುವ ಹೊಗೆಸೊಪ್ಪಿನ ಬೇಲಿನ ಹಾಗೆ, ದಿಂಬಿನ ಗಾತ್ರಕ್ಕೆ, ತನ್ನ ಕೆಲಸದ ಹಾಳೆಗಳನ್ನು ಒತ್ತಿ ಜೋಡಿಸಿದಳು. ಒಂದೊಂದಕ್ಕೂ ಗ್ರೇಡಿನ ಚೀಟಿ. ಗಂಗಾಧರಪ್ಪ ಕನ್ನಡಕ ಏರಿಸಿದರು.

"ಮೇಲ್ಗಡೆ ಚೆನ್ನಾಗಿರೋದು ಮಡಗಿದ್ದೀಯ, ಸರಿ. ಆದ್ರೆ ಹರಾಜಿಗೆ ಬರೋನು ಬಲು ಕಿಲಾಡಿ ಕಣವ್ವ, ಸೀದಾ ನಡುವಿಗೇ ಕೈ ಹಾಕ್ತಾನೆ. ಅಲ್ಲೇನಿದೆ?"

"ಕೆಟ್ಟಿದ್ದು."

"ಅಯ್ಯೋ ಶಿವನೆ! ಕೆಟ್ಟೆಲೆ ತೋರ್ಸಿ ಮಾರೋರುಂಟಾ? ತೆಗ್ದಾಕು."

"ಬೆರೆಸಿ ಮುಚ್ಚಿಟ್ರೆ ಮೋಸ ಅಪ್ಪಾಜಿ. ಕೆಳಗ್ರೇಡು ಅಂತ ಚೀಟಿನೇ ಬರ್ದಿದ್ದೀನಲ್ಲ."

"ಮೂವತ್ತು ವರ್ಷದ ವ್ಯಾಪಾರ ಕಣವ್ವ ನಂದು!"

"ನಂದು ಮೂರನೇ ಸಲ. ತೆಗೆಯಲ್ಲ."

ಅವಳು ಗೋಣಿತಟ್ಟು ಸುತ್ತಿ ಹೊಲಿದು ಮುಗಿಸಿದ ಮೇಲೆ, ಅವರು ಗೋಣಿ ಹೊಲಿಯುವ ದಬ್ಬಳವನ್ನೂ ಮುಂದೆ ಚಾಚಿದರು. "ಬಿಚ್ಚಿದ ಬೇಲ ಹಂಗೇ ಬುಟ್ಟು ಬರಬ್ಯಾಡ, ಇದ್ನೂ ತಗೊಂಡೋಗು. ವಾಪಸ್ ತಾ."

ಮೈಸೂರಿನ ಬಸ್ಸಿನಲ್ಲಿ ಕಂಡಕ್ಟರ್ ಬೇಲನ್ನು ತಟ್ಟಿ ನೋಡಿದ. "ಫ್ರೀ ಇರೋದು ಹೆಂಗಸ್ರಿಗೆ ಕಣಮ್ಮ, ಹೊಗೆಸೊಪ್ಪಿಗಲ್ಲ."

"ಒಳಗಿರೋದೂ ನಾನೇ ಅಣ್ಣ," ಎಂದು ತೊಡೆಯ ಮೇಲೆ ಇನ್ನಷ್ಟು ಎಳೆದುಕೊಂಡಳು.

ಸ್ಟುಡಿಯೊದ ಒಡತಿ ರಾಣಿ ಹೊಲಿಗೆ ಕತ್ತರಿಸಿದರು. ಮೇಲಿದ್ದ ಜೇನುಬಾಟಲಿಯ ಲೇಬಲ್ಲನ್ನು ನೋಡಲೂ ಇಲ್ಲ. ಕೈ ಸೀದಾ ನಡುವಿಗೆ ಹೋಯಿತು. ಐಶ್ವರ್ಯಳ ಕಣ್ಣಮುಂದೆ ಅಪ್ಪನ ಮುಖ ಬಂತು. ಹೊರಬಂದದ್ದು ಒಬ್ಬ ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸಿನ ಪ್ರತಿ. ಚೀಟಿಯಲ್ಲಿ ಹೀಗಿತ್ತು: "ಕೆಳಗ್ರೇಡು. ನಲವತ್ತಮೂರು ಮುಖ. ಹುಟ್ಟಿದ್ದು ಯಾರೆಂದು ಪತ್ತೆಯಿಲ್ಲ. ಬೇಡ ಅನ್ನದೇ ಇದ್ದದ್ದು ನನ್ನ ತಪ್ಪು."

ರಾಣಿ ನಕ್ಕರು. "ಅನ್ನಬೇಕಿತ್ತಲ್ವಾ?"

"ಮಾರನೇ ವರ್ಷ ಅಂದೆ ಮೇಡಂ. ಅದರ ಕೆಳಗಿನ ಹಾಳೆ ನೋಡಿ."

ಅಲ್ಲಿ ಒಂದೇ ಮುಖವಿತ್ತು.

"ಮಿಕ್ಕ ನಲವತ್ತೆರಡು ಜನ ಸುಮ್ಮನಿದ್ರಾ?"

"ಎಲ್ಲಿ? ಅಂಗಡಿಗೇ ಬಂದು ಬೈದ್ರು. ನಾನು ಬದಲಾಯಿಸ್ಲಿಲ್ಲ."

ರಾಣಿ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ನೋಡಿದರು. "ಬರೀ ಒಳ್ಳೇದನ್ನೇ ತಂದೋರು ಹನ್ನೊಂದು ಜನ ಬಂದುಹೋದ್ರು. ನೀವು ಸೋಮವಾರದಿಂದ ಕೆಲಸಕ್ಕೆ ಬನ್ನಿ. ಈ ಬೇಲು ಇಲ್ಲೇ ಇರ್ಲಿ, ನಮ್ಮ ಗಿರಾಕಿಗಳಿಗೆ ತೋರಿಸ್ಬೇಕು."

ಐಶ್ವರ್ಯ ದಬ್ಬಳ ತೆಗೆದು, ಅಲ್ಲೇ ಕೂತು ಬೇಲನ್ನು ಮತ್ತೆ ಹೊಲಿದಳು. ಸಂಜೆ ಅದೇ ದಬ್ಬಳವನ್ನು ಅಪ್ಪನ ಮುಂದಿಟ್ಟಳು.

"ಗೋಣಿತಟ್ಟೆಲ್ಲಿ?"

"ಹರಾಜಾಯ್ತು. ಸೋಮವಾರದಿಂದ ಕೆಲ್ಸ."

"ನಡುವಿಗೆ ಕೈ ಹಾಕಿದ್ರಾ?"

"ಹಾಕಿದ್ರು."

"ನಾನೇಳ್ಲಿಲ್ವಾ ಮತ್ತೆ!" ಎಂದ ಗಂಗಾಧರಪ್ಪ, ಗೆದ್ದವರು ತಾವೇ ಎಂಬಂತೆ, ಅಂಗಡಿಗೆ ಬಂದ ಗಿರಾಕಿಯ ಕಡೆ ತಿರುಗಿದರು.